ಮನ್ಯಾಗೆ ಡೇಕೇರ್ ನಡೆಸೋಕೆ ಯಾರ ಪರ್ಮಿಷನ್ ಬೇಕು? ಓಣಿ ಜಗಳದಿಂದ ಪಾಲಿಕೆ ಆಫೀಸ್‌ವರೆಗೆ

ಹೋದ ತಿಂಗಳು ನಮ್ಮ ಓಣ್ಯಾಗೆ ಒಂದು ದೊಡ್ಡ ಜಗಳ ಆಯ್ತು. ನಾಲ್ಕನೇ ಮನೆ ಅಕ್ಕ ಆರು ವರ್ಷದಿಂದ ಮಕ್ಕಳನ್ನ ನೋಡ್ಕೋತಾರೆ, ಮೊದಲು ಇಬ್ರೇ ಇದ್ರು, ಬ್ಯಾಂಕಿಗೆ ಹೋಗೋ ಒಬ್ಬರ ಮಗಳು ಆಮೇಲೆ ಆಸ್ಪತ್ರೆ ನರ್ಸ್ ಒಬ್ಬರ ಮಗ, ಒಬ್ಬರು ಇನ್ನೊಬ್ಬರಿಗೆ ಹೇಳಿ ಈಗ ಹದಿನಾಲ್ಕು ಮಕ್ಕಳಾಗಿದಾವೆ, ಅದರಾಗೆ ನಮ್ಮ ಮಗಳೂ ಒಬ್ಬಳು. ಎದುರು ಮನೆ ರಿಟೈರ್ಡ್ ಮೇಷ್ಟ್ರಿಗೆ ಅವತ್ತು ಹೆಂಡತೀನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು, ಗೇಟಿನ ಮುಂದೆ ಮೂರು ಬೈಕು ಅಡ್ಡ ನಿಂತಿದ್ವು, ಗಾಡಿ ಹೊರಗೆ ತೆಗೆಯೋಕೆ ಆಗ್ಲಿಲ್ಲ. "ಇದು ವಾಸದ ಓಣಿಯೋ ಇಸ್ಕೂಲೋ, ಪಾಲಿಕೆಗೆ ಬರೆದು ಕೊಡ್ತೀನಿ ನೋಡಮ್ಮ" ಅಂದ್ರು. ಅಕ್ಕ ಅಳ್ತಾನೇ "ನಾನೇನು ಸಾರಾಯಿ ಅಂಗಡಿ ಇಟ್ಟಿದೀನಾ ಸರ್, ಮಕ್ಕಳನ್ನ ಆಡಿಸ್ತಿದೀನಿ" ಅಂದ್ರು.

ಇಬ್ಬರ ಮಾತಲ್ಲೂ ಸತ್ಯ ಐತೆ. ಆದ್ರೆ ಕಾನೂನು ಏನು ಹೇಳ್ತದೆ ಅಂತ ಆ ಹೊತ್ತಿಗೆ ಓಣ್ಯಾಗೆ ಒಬ್ಬರಿಗೂ ಗೊತ್ತಿರ್ಲಿಲ್ಲ. ಒಬ್ಬರು ಲೈಸೆನ್ಸೇ ಬೇಡ ಅಂದ್ರು, ಒಬ್ಬರು ಶಿಕ್ಷಣ ಇಲಾಖೆ ಅಂದ್ರು, ಒಬ್ಬರು ಉದ್ಯಮ್ ಸರ್ಟಿಫಿಕೇಟ್ ಇದ್ರೆ ಸಾಕು ಅಂದ್ರು. ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲಾ ಕಡೆ ಗಂಡ ಹೆಂಡ್ತಿ ಇಬ್ರೂ ದುಡಿಯೋ ಮನೆಗಳು ಜಾಸ್ತಿ ಆಗ್ತಿದಾವೆ, ಊರಿಂದ ಅವ್ವನೋ ಅತ್ತೆನೋ ಬಂದು ಇರೋಕೆ ಆಗದವರು ಓಣ್ಯಾಗಿನ ಇಂಥ ಅಕ್ಕನ್ನೇ ನಂಬ್ಕೊಂಡಿದಾರೆ. ಅದಕ್ಕೆ ಬುಡದಿಂದ ಒಂದೊಂದಾಗಿ ಬರೀತಿದೀನಿ.

ಮೊದಲು, ಡೇಕೇರ್ ಅಂದ್ರೆ ಯಾವ್ದು, ಯಾವ್ದಲ್ಲ

ನಾಲ್ಕೈದು ಹೆಸರು ಕಲಸಿ ಹೋಗ್ತಾವೆ, ಅಲ್ಲೇ ಅರ್ಧ ಗೊಂದಲ ಇರೋದು.

ಅಂಗನವಾಡಿ ಸರ್ಕಾರದ್ದು, 1975ರ ಐಸಿಡಿಎಸ್ ಯೋಜನೆಯಿಂದ ಬಂದದ್ದು. 3ರಿಂದ 6 ವರ್ಷದ ಮಕ್ಕಳು ಅಲ್ಲಿ ಕೂತು ಕಲೀತಾರೆ, ಊಟ ಮಾಡ್ತಾರೆ. ಎಂಟು ತಿಂಗಳ ಕೂಸನ್ನ ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟು ಸಂಜೆ ಆರಕ್ಕೆ ಕರ್ಕೊಂಡು ಬರ್ತೀವಿ ಅಂದ್ರೆ ಅದು ಆ ಕೆಲಸಕ್ಕೆ ಮಾಡಿದ ಜಾಗ ಅಲ್ಲ.

ಪ್ಲೇ ಸ್ಕೂಲ್, ನರ್ಸರಿ, ಎಲ್‌ಕೆಜಿ ಅಂದ್ರೆ ಕಲಿಸೋ ಜಾಗ, ದಿನಕ್ಕೆ ಮೂರ್ನಾಲ್ಕು ತಾಸು. ಇನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಹಿಡಿಯೋದು 6ರಿಂದ 14 ವರ್ಷದವರನ್ನ, ಅದಕ್ಕಿಂತ ಚಿಕ್ಕವರು ಅದರ ಹೊರಗೆ ಉಳೀತಾರೆ.

ಇನ್ನೊಂದು, "ಮಕ್ಕಳ ಪಾಲನಾ ಸಂಸ್ಥೆ" ಅಂತ ಒಂದು ಐತೆ. ಇದು ಅನಾಥ ಮಕ್ಕಳು, ತೊಂದರೆಯಲ್ಲಿರೋ ಮಕ್ಕಳು ಇರೋ ಬಾಲಮಂದಿರದಂಥ ಜಾಗ, 2015ರ ಬಾಲನ್ಯಾಯ ಕಾಯ್ದೆ ಅಡಿ ನೋಂದಣಿ ಕಡ್ಡಾಯ. ಹೆಸರು ಕೇಳಿದ್ರೆ ಡೇಕೇರ್ ಅನ್ನಿಸ್ತದೆ, ಆದ್ರೆ ಸಂಜೆ ಅಪ್ಪ ಅಮ್ಮ ಬಂದು ಕರ್ಕೊಂಡು ಹೋಗೋ ಮಗುಗೂ ಆ ನೋಂದಣಿಗೂ ಸಂಬಂಧ ಇಲ್ಲ.

ಮನೆ ಡೇಕೇರ್ ಅಂದ್ರೆ ಇಷ್ಟೇ: ಒಬ್ಬರು ತಾವು ವಾಸ ಇರೋ ಮನ್ಯಾಗೇ, ದುಡ್ಡು ತಗೊಂಡು, ಬೇರೆಯವರ ಚಿಕ್ಕ ಮಕ್ಕಳನ್ನ ಹಗಲು ಹೊತ್ತು ನೋಡ್ಕೊಳ್ಳೋದು. ಅಲ್ಲಿ ಪಾಠ ಮುಖ್ಯ ಅಲ್ಲ, ಊಟ, ನಿದ್ದೆ, ಆಟ, ಚಡ್ಡಿ ಬದಲಾಯಿಸೋದು, ಅತ್ತರೆ ಎತ್ಕೊಳ್ಳೋದು.

ಇದಕ್ಕೆ ಅಂತಾನೇ ಒಂದು ಲೈಸೆನ್ಸ್ ಇಲ್ಲ

ಇದನ್ನ ಮದುವೆ ಮಾಡಿದಂಗೆ ಅನ್ಕೊಳ್ರಿ. ರೋಡಿಗೆ ಶಾಮಿಯಾನ ಹಾಕೋಕೆ ಪಾಲಿಕೆ, ಮೈಕಿಗೆ ಪೊಲೀಸು, ಲೈಟಿಗೆ ಜೆಸ್ಕಾಂ. ಪರ್ಮಿಷನ್ನು ಇಷ್ಟು ಕಡೆ ಐತೆ, ಆದ್ರೆ "ಮದುವೆ ಆಫೀಸು" ಅಂತ ಒಂದಿದ್ದು ಅಲ್ಲಿ ಹೋಗಿ ಎಲ್ಲಾ ಮುಗಿಸ್ಕೊಂಡು ಬರ್ತೀನಿ ಅಂದ್ರೆ ಇಲ್ಲ. ಮನೆ ಡೇಕೇರ್ ಕಥೆನೂ ಅದೇ. ದೇಶಕ್ಕೆಲ್ಲಾ ಒಂದು ಅಂತ ಡೇಕೇರ್ ಲೈಸೆನ್ಸ್ ಕಾಯ್ದೆ ಇಲ್ಲ. ಜಾಗ ಹೆಂಗೆ ಬಳಸ್ತೀರಿ ಅಂತ ಒಂದು ಆಫೀಸ್ ಕೇಳ್ತದೆ, ದುಡ್ಡಿನ ಕೆಲಸ ಮಾಡ್ತೀರಾ ಅಂತ ಇನ್ನೊಂದು, ಮೀಟರ್ ಯಾವ್ದು ಅಂತ ಮತ್ತೊಂದು, ಅಡಿಗೆ ಮಾಡಿ ಕೊಡ್ತೀರಾ ಅಂತ ಇನ್ನೊಂದು.

ಹಂಗಾದ್ರೆ ಆಫೀಸಿನ ಕ್ರೆಚ್ ಅಂತಾರಲ್ಲ, ಅದು? 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಗಿ 26 ವಾರ ರಜೆ ಬಂತಲ್ಲ, ಅವಾಗ್ಲೇ 50 ಜನ ಮತ್ತು ಮೇಲ್ಪಟ್ಟು ಕೆಲಸಗಾರರು ಇರೋ ಕಡೆ ಶಿಶುಪಾಲನಾ ಕೋಣೆ ಇರ್ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಬಹುದು ಅಂತ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ 50ರ ಲೆಕ್ಕ. ಆದ್ರೆ ಆ ಜವಾಬ್ದಾರಿ ಕೆಲಸ ಕೊಡೋ ಮಾಲೀಕನ ಮೇಲೆ, ಮನ್ಯಾಗೆ ಮಕ್ಕಳು ನೋಡೋ ಅಕ್ಕನ ಮೇಲೆ ಅಲ್ಲ. ನಮ್ಮ ಬಳ್ಳಾರಿ ಜೀನ್ಸ್ ಹೊಲಿಯೋ ಯೂನಿಟ್‌ಗಳು ಎಷ್ಟೋ ಹತ್ತು ಇಪ್ಪತ್ತು ಜನದ್ದು, ಅಲ್ಲಿಗೆ 50ರ ರೂಲ್ಸ್ ಮುಟ್ಟೋದೇ ಇಲ್ಲ, ಹೊಲಿಗೆಗೆ ಹೋಗೋ ಹೆಣ್ಮಗಳು ಮಗೂನ ಪಕ್ಕದ ಮನ್ಯಾಗೆ ಬಿಡ್ಲೇಬೇಕು.

ಹಳ್ಳಿ ಕಡೆ ಸರ್ಕಾರದ್ದೇ "ಕೂಸಿನ ಮನೆ" ಐತೆ. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಸಣ್ಣ ಕೂಸುಗಳಿಗೆ ಅಂತ 4,000 ಗ್ರಾಮ ಪಂಚಾಯ್ತಿಗಳಲ್ಲಿ ತೆಗಿಯೋದಾಗಿ 2023ರ ಬಜೆಟ್ಟಲ್ಲಿ ಘೋಷಣೆ ಆಗಿದ್ದು. ಕೇಂದ್ರದ್ದು "ಪಾಲನಾ" ಅಂತ ಐತೆ, 6 ತಿಂಗಳಿಂದ 6 ವರ್ಷದವರಿಗೆ. ಇವೆಲ್ಲ ಸರ್ಕಾರ ತಾನೇ ನಡೆಸೋವು, ಖಾಸಗಿ ಮನೆಗೆ ಲೈಸೆನ್ಸ್ ಕೊಡೋವು ಅಲ್ಲ.

ವಾಸದ ಓಣ್ಯಾಗೆ ವ್ಯವಹಾರ ಮಾಡ್ಬಹುದಾ: ಇದೇ ಜೋನಿಂಗು

ಮೇಷ್ಟ್ರು ಕೇಳಿದ ಪ್ರಶ್ನೆ ಇದೇ. ಊರು ಅಂದ್ರೆ ಒಂದು ದೊಡ್ಡ ಮನೆ ಅನ್ಕೊಳ್ರಿ, ಅಡಿಗೆಮನೆ ಬೇರೆ, ದೇವರಮನೆ ಬೇರೆ, ಬಚ್ಚಲು ಬೇರೆ, ಎಲ್ಲಾದಕ್ಕೂ ಒಂದೊಂದು ಜಾಗ. ಹಂಗೆ ಊರಿನ ನಕ್ಷೆ ಮೇಲೆ ಇದು ವಾಸಕ್ಕೆ, ಇದು ವ್ಯಾಪಾರಕ್ಕೆ, ಇದು ಕೈಗಾರಿಕೆಗೆ, ಇದು ಪಾರ್ಕಿಗೆ ಅಂತ ಬಣ್ಣ ಹಾಕಿ ಗೆರೆ ಎಳೆದಿರ್ತಾರೆ. ಅದಕ್ಕೆ ಮಹಾಯೋಜನೆ ಅಂತಾರೆ, ಮಾಸ್ಟರ್ ಪ್ಲಾನ್. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಡಿ ಇದನ್ನ ಮಾಡೋದು. ಬಳ್ಳಾರಿಗೆ ಬುಡಾ ಅಂದ್ರೆ ನಗರಾಭಿವೃದ್ಧಿ ಪ್ರಾಧಿಕಾರ ಐತೆ, ರಾಯಚೂರಿಗೂ ಅದರದ್ದೇ ಪ್ರಾಧಿಕಾರ ಐತೆ.

ಬಹಳ ಜನ ತಪ್ಪು ತಿಳ್ಕೊಂಡಿರೋದು ಏನಂದ್ರೆ ವಾಸದ ವಲಯ ಅಂದ್ರೆ ಮನೆ ಬಿಟ್ಟು ಏನೂ ಇರಬಾರ್ದು ಅಂತ. ಹಂಗಲ್ಲ. ಆ ಪ್ಲಾನಿನ ಜೊತೆಗೆ ವಲಯ ನಿಯಮಾವಳಿ ಅಂತ ಒಂದು ಪುಸ್ತಕ ಇರ್ತದೆ, ಅದರಾಗೆ ವಾಸದ ವಲಯದ ಕೆಳಗೆ ಎರಡು ಪಟ್ಟಿ. ಒಂದು, ಸೀದಾ ಮಾಡ್ಬಹುದಾದ್ದು. ಇನ್ನೊಂದು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಿದ್ರೆ ಮಾತ್ರ ಮಾಡ್ಬಹುದಾದ್ದು. ಡಾಕ್ಟರು ತನ್ನ ಮನ್ಯಾಗೇ ಕ್ಲಿನಿಕ್ ಇಡೋದು, ವಕೀಲರು ಮನ್ಯಾಗೇ ಆಫೀಸ್ ಇಡೋದು ನಾವು ದಿನಾ ನೋಡ್ತೀವಲ್ಲ, ಅದು ಈ ಪಟ್ಟಿಗಳ ಬಲದ ಮೇಲೆ. ಹಂಗಾಗಿ ಡೇಕೇರ್ ನಡೆಸೋರು ಮೊದಲು ಮಾಡ್ಬೇಕಾದ್ದು ನಿಮ್ಮ ಊರಿನ ವಲಯ ನಿಯಮಾವಳಿ ತೆಗೆದು ಶಿಶುವಿಹಾರ, ನರ್ಸರಿ, ಕ್ರೆಚ್ ಅನ್ನೋ ಪದ ಯಾವ ಪಟ್ಟಿಯಾಗೆ ಐತೆ ಅಂತ ನೋಡೋದು, ರಸ್ತೆ ಇಷ್ಟು ಅಗಲ ಇರ್ಬೇಕು ಅಂತ ಶರತ್ತು ಇದ್ರೆ ಅದನ್ನೂ ಓದೋದು.

ಪ್ರಾಧಿಕಾರದ ಆಫೀಸಲ್ಲಿ ಬಾಯಿಮಾತಲ್ಲಿ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಬರವಣಿಗೆಲಿ ಬೇಕು ಅಂದ್ರೆ ಮಾಹಿತಿ ಹಕ್ಕು ಅರ್ಜಿ ಹಾಕ್ರಿ, 10 ರೂಪಾಯಿ ಫೀ, 30 ದಿನದ ಒಳಗೆ ಉತ್ತರ ಕೊಡ್ಬೇಕು. ನಮ್ಮ ರಾಜ್ಯದಾಗೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಅನ್ನೋ ರೂಲ್ಸ್ ಐತೆ, ಅದಕ್ಕೆ ಜಾಗದ ಪ್ರಶ್ನೆಗೆ ಒಂದು, ಟ್ರೇಡ್ ಲೈಸೆನ್ಸ್ ಪ್ರಶ್ನೆಗೆ ಇನ್ನೊಂದು ಅಂತ ಬೇರೆ ಬೇರೆ ಹಾಕೋದೇ ಒಳ್ಳೇದು.

ಬಾಡಿಗೆ ಮನೆ ಆದ್ರೆ ಇನ್ನೊಂದು ಮಾತು. 11 ತಿಂಗಳ ಅಗ್ರಿಮೆಂಟ್ ತೆಗೆದು ಓದ್ರಿ, "ವಾಸಕ್ಕೆ ಮಾತ್ರ" ಅಂತ ಒಂದು ಸಾಲು ಇದ್ದೇ ಇರ್ತದೆ. ಊರಿನ ರೂಲ್ಸ್ ಒಪ್ಪಿದ್ರೂ ಮನೆ ಓನರ್ ಬಿಡಿ ಅಂದ್ರೆ ಬಿಡ್ಬೇಕಾಗ್ತದೆ.

ಟ್ರೇಡ್ ಲೈಸೆನ್ಸ್, ಕಂದಾಯ, ಮೀಟರ್

ಬಳ್ಳಾರಿ ಮಹಾನಗರ ಪಾಲಿಕೆ, ರಾಯಚೂರೂ ಈಗ ಮಹಾನಗರ ಪಾಲಿಕೆ, ಇವಕ್ಕೆ 1976ರ ಪಾಲಿಕೆ ಕಾಯ್ದೆ. ಕೊಪ್ಪಳ, ಗಂಗಾವತಿ ನಗರಸಭೆ, ಅವಕ್ಕೆ 1964ರ ಪುರಸಭೆ ಕಾಯ್ದೆ. ಹಳ್ಳಿ ಆದ್ರೆ ಗ್ರಾಮ ಪಂಚಾಯ್ತಿ, 1993ರ ಕಾಯ್ದೆ. ಕಾಯ್ದೆ ಬೇರೆ ಆದ್ರೂ ವಿಚಾರ ಒಂದೇ: ಕೆಲವು ಕಸುಬುಗಳನ್ನ ಲೈಸೆನ್ಸ್ ಇಲ್ದೆ ಒಂದು ಜಾಗದಾಗೆ ಮಾಡಂಗಿಲ್ಲ. ಟ್ರೇಡ್ ಲೈಸೆನ್ಸ್ ಅಂದ್ರೆ ಅದೇ. ಇದನ್ನ ನೋಡೋದು ಆರೋಗ್ಯ ಶಾಖೆ, ಹೆಲ್ತ್ ಇನ್‌ಸ್ಪೆಕ್ಟರ್ ಬಂದು ಜಾಗ ನೋಡಿ ಹೋಗ್ತಾರೆ, ಪ್ರತಿ ವರ್ಷ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕಕ್ಕೆ ರಿನ್ಯೂವಲ್. ಡೇಕೇರನ್ನ ಅವರ ಪಟ್ಟಿಯಾಗೆ ಯಾವ ಹೆಸರಿನ ಕೆಳಗೆ ಹಾಕ್ತಾರೆ, ಫೀ ಎಷ್ಟು ಅಂತ ಆ ಶಾಖೆಯವರೇ ಹೇಳ್ಬೇಕು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ತಗೊಳ್ಳೋದು ಮಾತ್ರ ಮರೀಬ್ಯಾಡ್ರಿ, ನಾಳೆ ಯಾರಾದ್ರೂ ದೂರು ಕೊಟ್ರೆ ನಾವು ಕೇಳಿದ್ವಿ ಅನ್ನೋಕೆ ಅದೇ ಸಾಕ್ಷಿ.

ಉದ್ಯಮ್ ಸರ್ಟಿಫಿಕೇಟ್ ವಿಷಯ ಇಲ್ಲೇ ಹೇಳ್ಬಿಡ್ತೀನಿ. ಅದು ಆನ್‌ಲೈನಲ್ಲಿ ಫ್ರೀಯಾಗಿ ಸಿಗೋ ನೋಂದಣಿ, ನಾನೊಂದು ಸಣ್ಣ ಉದ್ಯಮ ನಡೆಸ್ತೀನಿ ಅಂತ ನಾವೇ ಹೇಳ್ಕೊಳ್ಳೋದು. ಬ್ಯಾಂಕ್ ಸಾಲಕ್ಕೆ ಅನುಕೂಲ. ಮನೆ ನೋಡೋಕೆ ಅವರು ಯಾರೂ ಬರಲ್ಲ, ಮಕ್ಕಳು ಸೇಫ್ ಅಂತ ಅದು ಹೇಳೋದೂ ಇಲ್ಲ. ಫ್ರೇಮ್ ಹಾಕಿಸಿ ಗೋಡೆಗೆ ತಗಲಾಕಿದ್ದು ನೋಡಿ "ಗವರ್ನಮೆಂಟ್ ಅಪ್ರೂವ್ಡ್" ಅಂತ ನಂಬಿದ ತಂದೆ ತಾಯಿ ನಮ್ಮ ಪೈಕಿನೇ ಇದಾರೆ.

ಆಸ್ತಿ ತೆರಿಗೆ ವಾಸಕ್ಕೆ ಒಂದು ದರ, ವಾಸ ಅಲ್ಲದ್ದಕ್ಕೆ ಇನ್ನೊಂದು, ನಾವೇ ಫಾರಂ ತುಂಬಿ ಕಟ್ಟೋದ್ರಿಂದ ಸರಿಯಾಗಿ ತುಂಬೋ ಜವಾಬ್ದಾರಿನೂ ನಮ್ಮದೇ. ಕರೆಂಟೂ ಅಷ್ಟೇ, ಗೃಹಜ್ಯೋತಿ 200 ಯೂನಿಟ್ ಮನೆ ಬಳಕೆಗೆ ಮಾತ್ರ. ಕೆಳಗಿನ ಫ್ಲೋರ್ ಪೂರ್ತಿ ಡೇಕೇರ್ ಮಾಡಿ ಮನೆ ಮೀಟರಲ್ಲೇ ಓಡಿಸ್ತಿದ್ರೆ ಒಂದಿನ ಜೆಸ್ಕಾಂ ಚೆಕಿಂಗ್ ಬಂದಾಗ ದಂಡ ಬೀಳ್ಬಹುದು, ಮೊದಲೇ ಸೆಕ್ಷನ್ ಆಫೀಸಲ್ಲಿ ಕೇಳಿ ಬೇರೆ ಮೀಟರ್ ಬೇಕಾ ಅಂತ ತಿಳ್ಕೊಂಡ್ರೆ ಒಳ್ಳೇದು. ಮಕ್ಕಳಿಗೆ ಅಡಿಗೆ ಮಾಡಿ ದುಡ್ಡಿಗೆ ಕೊಡ್ತಿದ್ರೆ ಎಫ್‌ಎಸ್‌ಎಸ್‌ಎಐ ಅಂದ್ರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ನೋಡ್ಬೇಕು, ಡಬ್ಬಿ ಮನೆಯಿಂದಲೇ ಬರ್ತದೆ ಅಂದ್ರೆ ಆ ತಲೆನೋವು ಇಲ್ಲ.

ಸಹಾಯಕ್ಕೆ ಯಾರನ್ನಾದ್ರೂ ಇಟ್ಕೊಳ್ಳೋರು ಒಂದು ನೆನಪಿಡ್ರಿ. "ಪಕ್ಕದ ಊರಿಂದ ಒಬ್ಬಳು ಹುಡುಗಿ ಬರ್ತಾಳೆ, ಕೂಸು ಎತ್ಕೊಂಡು ಇರ್ತಾಳೆ" ಅಂತ ಹನ್ನೆರಡು ಹದಿಮೂರು ವರ್ಷದ ಮಗೂನ ಕೆಲಸಕ್ಕಿಟ್ರೆ ಅದು ಬಾಲಕಾರ್ಮಿಕ ಅಪರಾಧ. 2016ರ ತಿದ್ದುಪಡಿ ಆದ ಮೇಲೆ 14 ವರ್ಷದ ಒಳಗಿನವರನ್ನ ಯಾವ ಕೆಲಸಕ್ಕೂ ಇಟ್ಕೊಳ್ಳಂಗಿಲ್ಲ.

ಎಷ್ಟು ಮಕ್ಕಳು ಅನ್ನೋದ್ರ ಮೇಲೇ ಎಲ್ಲಾ ನಿಂತಿರೋದು

ಓಡಾಡಿ ಕೇಳಿ ನನಗೆ ಅರ್ಥ ಆಗಿದ್ದು ಇದು. ಇಬ್ಬರು ಮಕ್ಕಳನ್ನ ನೋಡ್ಕೊಂಡ್ರೆ ಅದನ್ನ ಯಾರೂ ವ್ಯವಹಾರ ಅನ್ನಲ್ಲ, ಅಕ್ಕಪಕ್ಕದ ಸಹಾಯ ಅಂತಾರೆ. ನಲವತ್ತು ಆದ್ರೆ ಸ್ಕೂಲ್ ಅಂತಾರೆ. ಕಷ್ಟ ಇರೋದು ಎಂಟು, ಹನ್ನೆರಡು, ಹದಿನಾಲ್ಕು ಅನ್ನೋ ಮಧ್ಯದ ಲೆಕ್ಕದಾಗೆ, ಮನೆ ಯಾವ ದಿನ ಮನೆ ಅಲ್ಲದ್ದಾಯ್ತು ಅಂತ ನಡೆಸೋರಿಗೂ ಗೊತ್ತಾಗಲ್ಲ, ಒಂದೊಂದೇ ಮಗು ಸೇರ್ತಾ ಹೋಗಿರ್ತದೆ.

ಅಳತೆ ಬೇಕು ಅಂದ್ರೆ ಒಂದು ಒಳ್ಳೆ ಕೋಲು ಐತೆ. 2013ರ ರಾಷ್ಟ್ರೀಯ ಶೈಶವ ಪಾಲನೆ ಮತ್ತು ಶಿಕ್ಷಣ ನೀತಿ. ಅದು ನೀತಿ, ಪಾಲಿಸದಿದ್ರೆ ಜೈಲು ಅನ್ನೋ ಕಾಯ್ದೆ ಅಲ್ಲ, ಆದ್ರೆ ಅದರಾಗಿನ ನಂಬರ್ ಕೆಲಸಕ್ಕೆ ಬರ್ತಾವೆ. 3 ವರ್ಷದ ಒಳಗಿನವರಾದ್ರೆ 10 ಮಕ್ಕಳಿಗೆ ಒಬ್ಬ ದೊಡ್ಡವರು, 3ರಿಂದ 6 ಆದ್ರೆ 20ಕ್ಕೆ ಒಬ್ಬರು. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಹೊರಗೆ ಆಡೋಕೆ ಇನ್ನೊಂದು 30 ಚದರ ಮೀಟರ್.

ನಮ್ಮ ಅಡಿ ಲೆಕ್ಕಕ್ಕೆ ತರೋಣ. 35 ಚದರ ಮೀಟರ್ ಅಂದ್ರೆ ಸುಮಾರು 377 ಚದರ ಅಡಿ, 30 ಮಕ್ಕಳಿಗೆ ಭಾಗ ಮಾಡಿದ್ರೆ ಒಬ್ಬರಿಗೆ ಹನ್ನೆರಡೂವರೆ ಅಡಿ ಚಿಲ್ಲರೆ. 30-40 ಸೈಟಿನ ಮನ್ಯಾಗೆ ಹಾಲು 10 ಅಡಿಗೆ 12 ಅಡಿ ಇರ್ತದೆ ಅನ್ಕೊಳ್ರಿ, 120 ಅಡಿ. ಅಂದ್ರೆ ಒಂಬತ್ತು ಮಕ್ಕಳು. ಅದೂ ಸೋಫಾ, ಟಿವಿ ಸ್ಟ್ಯಾಂಡು, ದಿವಾನ ಎಲ್ಲಾ ತೆಗೆದಿಟ್ಟ ಮೇಲೆ. ಹದಿನಾಲ್ಕು ಮಕ್ಕಳು ಅಂದ್ರೆ ಇನ್ನೊಂದು ರೂಮೂ ಬೇಕು, ಅದರಾಗೆ ಹತ್ತಕ್ಕಿಂತ ಜಾಸ್ತಿ ಕೂಸುಗಳು ಇದ್ರೆ ಇನ್ನೊಬ್ಬರು ದೊಡ್ಡವರೂ ಬೇಕು. ಹತ್ತು ಎಳೆ ಕೂಸಿಗೆ ಒಬ್ಬರು ಅನ್ನೋದೂ ನನ್ನ ಕಣ್ಣಿಗೆ ಜಾಸ್ತಿನೇ, ಎರಡು ಕೂಸು ಒಟ್ಟಿಗೆ ಅತ್ತರೆ ಮನೆ ಮಂದಿ ಎಲ್ಲಾ ಓಡೋದನ್ನ ನಾವೆಲ್ಲ ಕಂಡೋರೇ.

ಬೇರೆ ಕಡೆ ಹೆಂಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಾಗೆ ಮನೆ ಡೇಕೇರ್‌ಗೆ ಅಂತಾನೇ ರಾಜ್ಯ ಸರ್ಕಾರ ಲೈಸೆನ್ಸ್ ಕೊಡ್ತದೆ, ಚಿಕ್ಕದು ಅಂದ್ರೆ 8 ಮಕ್ಕಳವರೆಗೆ, ದೊಡ್ಡದು ಅಂದ್ರೆ 14ರವರೆಗೆ. ಮೊದಲು ದೊಡ್ಡದಕ್ಕೆ ಊರಿನ ಮುನಿಸಿಪಾಲಿಟಿಗಳು ಜೋನಿಂಗ್ ಪರ್ಮಿಟ್ ಕೇಳ್ಬಹುದಿತ್ತು, ಅಕ್ಕಪಕ್ಕದವರು ತಕರಾರು ಮಾಡಿ ಅಲ್ಲೂ ಸೇಮ್ ನಮ್ಮ ಓಣಿ ಜಗಳ. 2019ರಲ್ಲಿ ಕಾನೂನು ಮಾಡಿ, 2020ರಿಂದ ಲೈಸೆನ್ಸ್ ಇರೋ ಮನೆ ಡೇಕೇರ್ ಅಂದ್ರೆ ಅದನ್ನ ವಾಸದ ಬಳಕೆ ಅಂತಾನೇ ನೋಡ್ಬೇಕು ಅಂದ್ರು. ಅಲ್ಲಿ ಮಗುವಿನ ಸುರಕ್ಷತೆ ನೋಡೋಕೆ ಒಬ್ಬರು ಇರೋದ್ರಿಂದ ಊರಿನವರಿಗೆ ಜಾಗದ ತಕರಾರು ಬಿಟ್ಟುಬಿಡಿ ಅನ್ನೋಕೆ ಸಾಧ್ಯ ಆಯ್ತು. ನಮ್ಮಲ್ಲಿ ಜಾಗ, ತೆರಿಗೆ, ಮೀಟರ್ ನೋಡೋರು ಇದಾರೆ, ಒಳಗೆ ಕೂಸು ಎಲ್ಲಿ ಮಲಗ್ತದೆ ಅಂತ ನೋಡೋಕೆ ಅಂತಾನೇ ಒಬ್ಬರು ಇಲ್ಲ. ಆ ಕೆಲಸ ಬಿದ್ದಿರೋದು ನಡೆಸೋರ ಮೇಲೆ, ಇಲ್ಲಾ ತಂದೆ ತಾಯಿ ಮೇಲೆ.

ಸಂಪು, ಕೂಲರ್, ಸಿಲಿಂಡರ್

ಅದಕ್ಕೆ ಈ ಭಾಗನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಯಾವ ಮಾರ್ಗಸೂಚಿನೂ ಬಳ್ಳಾರಿ ರಾಯಚೂರು ಮನೆ ಹೆಂಗಿರ್ತದೆ ಅಂತ ನೋಡಿ ಬರೆದಿದ್ದಲ್ಲ.

ನಮ್ಮ ಕಡೆ ನಳದ ನೀರು ದಿನಾ ಬರಲ್ಲ, ಬಳ್ಳಾರ್ಯಾಗೆ ಎಷ್ಟೋ ಏರಿಯಾಗೆ ವಾರ ದಾಟಿ ಬರ್ತದೆ. ಅದಕ್ಕೆ ಪ್ರತಿ ಮನ್ಯಾಗೂ ಸಂಪು, ಬಚ್ಚಲಾಗೆ ಡ್ರಮ್ಮು, ಹಿತ್ತಲಾಗೆ ಬಿಂದಿಗೆ ಸಾಲು. ದೊಡ್ಡೋರಿಗೆ ಅದು ನೀರು, ನಡೆಯೋಕೆ ಕಲಿತಿರೋ ಕೂಸಿಗೆ ಅದು ಬಾವಿ. ಆ ವಯಸ್ಸಿನ ಮಗುವಿಗೆ ತಲೆ ಭಾರ ಜಾಸ್ತಿ, ಬಗ್ಗಿ ಬಿದ್ರೆ ತಾನಾಗಿ ಎದ್ದೇಳೋಕೆ ಆಗಲ್ಲ, ಒಂದು ಬಕೆಟ್ಟಿನ ತಳದ ನೀರೂ ಸಾಕಾಗ್ತದೆ. ಕೂಗೋದೂ ಇಲ್ಲ, ಸದ್ದೇ ಬರಲ್ಲ. ಡೇಕೇರ್ ನೋಡೋಕೆ ಹೋದಾಗ ಗೊಂಬೆ ಚಿತ್ರ ಅಂಟಿಸಿದ ಗೋಡೆ ಆಮೇಲೆ ನೋಡ್ರಿ, ಮೊದಲು ಸಂಪಿನ ಮುಚ್ಚಳ ಕೇಳ್ರಿ. ಕಬ್ಬಿಣದ್ದಾ, ಬೀಗ ಐತಾ, ಟ್ಯಾಂಕರ್ ಬಂದಾಗ ತೆಗೆದದ್ದನ್ನ ಯಾರು ಮುಚ್ತಾರೆ? ಬಚ್ಚಲ ಬಾಗಿಲಿಗೆ ಹೊರಗಡೆ ಎತ್ತರದಾಗೆ ಚಿಲಕ ಐತಾ? ಮುಚ್ಚದ ಡ್ರಮ್ಮಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡ್ತದೆ ಅನ್ನೋದು ಬೇರೆ.

ಏಪ್ರಿಲ್ ಮೇ ಬಿಸಿಲು. 40 ಡಿಗ್ರಿ ದಾಟೋದು ನಮಗೆ ಹೊಸದಲ್ಲ, ರಾಯಚೂರಿನವರಿಗಂತೂ ಹೇಳೋದೇ ಬೇಡ. ತಗಡಿನ ಶೀಟ್ ಹಾಕಿದ ಮೇಲಿನ ರೂಮಲ್ಲಿ ಮಧ್ಯಾಹ್ನ ಮಕ್ಕಳನ್ನ ಮಲಗಿಸಿದ್ರೆ ನೀರಿನಂಶ ಬೇಗ ಹೋಗ್ತದೆ, ದೊಡ್ಡವರಿಗಿಂತ ಬೇಗ. ಆಮೇಲೆ ಕೂಲರು. ಕಬ್ಬಿಣದ ಬಾಡಿ, ಒಳಗೆ ನೀರು, ಪಕ್ಕದಾಗೆ ಒದ್ದೆ ನೆಲ, ಅರ್ತಿಂಗ್ ಸರಿ ಇಲ್ದಿದ್ರೆ ಮುಟ್ಟಿದ ಕೂಡಲೇ ಶಾಕ್. ಇದಕ್ಕೆ ಪರಿಹಾರ ದುಬಾರಿ ಏನಲ್ಲ: ಮೇನ್ ಬೋರ್ಡಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕ್ಸೋದು, ಕರೆಂಟ್ ಸೋರಿದ ತಕ್ಷಣ ಅದು ತಾನೇ ಆಫ್ ಆಗ್ತದೆ. ಅರ್ತಿಂಗ್ ಚೆಕ್ ಮಾಡ್ಸಿ, ಕೂಲರ್ ಕಿಟಕಿ ಹೊರಗಡೆ ಇಟ್ರೆ ಮಕ್ಕಳ ಕೈಗೆ ಸಿಗೋದೂ ಇಲ್ಲ.

ಬೆಂಕಿ ವಿಷಯಕ್ಕೆ ಒಂದು ನೆನಪು ಮಾಡ್ತೀನಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಾಗೆ ಒಂದು ಸ್ಕೂಲಿಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಅಡಿಗೆ ಮನೆಯಿಂದ ಹತ್ತಿದ ಬೆಂಕಿ ಗರಿ ಛಾವಣಿಗೆ ಹಬ್ಬಿತು, ಮಕ್ಕಳು ಇಳಿದು ಬರೋಕೆ ದಾರಿ ಇಕ್ಕಟ್ಟು. ಅದಕ್ಕೇ ಅಡಿಗೆ ಜಾಗ ಬೇರೆ ಇರ್ಬೇಕು, ಮಕ್ಕಳು ಕೆಳಗಿನ ಫ್ಲೋರಲ್ಲೇ ಇರ್ಬೇಕು, ಹೊರಗೆ ಬರೋಕೆ ಒಂದೇ ಬಾಗಿಲು ಸಾಲಲ್ಲ ಅಂತ ಎಲ್ಲರೂ ಹೇಳೋದು. ಮನೆ ಡೇಕೇರಲ್ಲಿ ಹಿಂದಿನ ಬಾಗಿಲ ಮುಂದೆ ಹಳೇ ಮಂಚ, ಗೋಣಿಚೀಲ ಪೇರಿಸಿದ್ರೆ ಆ ಬಾಗಿಲು ಇದ್ದೂ ಇಲ್ಲ.

ಪಕ್ಕದ ಮನೆಯವರು ಏನು ಮಾಡ್ಬಹುದು

ಮಕ್ಕಳು ಅಳೋದು ನಗೋದು ತಡಿಯೋಕೆ ಕಾನೂನು ಹುಡುಕಿದ್ರೆ ಬಹಳ ಸಿಗಲ್ಲ. 2000ದ ಶಬ್ದ ಮಾಲಿನ್ಯ ನಿಯಮದಾಗೆ ವಾಸದ ಏರಿಯಾಗೆ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಮಿತಿ ಐತೆ, ಹಗಲು ಅಂದ್ರೆ ಬೆಳಿಗ್ಗೆ 6ರಿಂದ ರಾತ್ರಿ 10. ಸ್ಪೀಕರ್ ಹಾಕಿ ದಿನಾ ರೈಮ್ಸ್ ಕೂಗಿಸ್ತಿದ್ರೆ ಅದನ್ನ ಕೇಳ್ಬಹುದು. ನಿಜವಾದ ತೊಂದರೆ ಬಹಳ ಕಡೆ ಬೈಕು. ಹದಿನಾಲ್ಕು ಮಕ್ಕಳು ಅಂದ್ರೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅರ್ಧ ತಾಸಲ್ಲಿ ಹದಿನಾಲ್ಕು ಗಾಡಿ, ಸಂಜೆ ಮತ್ತೆ ಹದಿನಾಲ್ಕು, ಇಪ್ಪತ್ತಡಿ ರೋಡು.

ದೂರು ಕೊಡೋದಾದ್ರೆ ಜಾಗದ ಬಳಕೆ ಬಗ್ಗೆ ಪ್ರಾಧಿಕಾರಕ್ಕೆ, ಲೈಸೆನ್ಸ್ ಬಗ್ಗೆ ಪಾಲಿಕೆ ಅಥವಾ ನಗರಸಭೆಗೆ. ನಡೆಸೋರಿಗೆ ನೋಟಿಸ್ ಬಂದ್ರೆ ಗಾಬರಿಯಾಗಿ ಯಾರನ್ನೋ ಹಿಡ್ಕೊಂಡು "ಸೆಟ್ಲ್" ಮಾಡೋಕೆ ಹೋಗ್ಬ್ಯಾಡ್ರಿ, ಕೊಟ್ಟ ದಿನದ ಒಳಗೆ ಬರವಣಿಗೆಲಿ ಉತ್ತರ ಕೊಡ್ರಿ, ಎಷ್ಟು ಮಕ್ಕಳು, ಎಷ್ಟು ಹೊತ್ತು, ಯಾವ ಅರ್ಜಿ ಹಾಕಿದೀರಿ ಅಂತ ಇದ್ದದ್ದು ಇದ್ದಂಗೆ.

ಮಗೂನ ಬಿಡೋರು ನೋಡ್ಬೇಕಾದ್ದು

ಲೈಸೆನ್ಸ್ ಕಾಯ್ದೆ ಇಲ್ಲ ಅಂದ್ರೆ ಮಗುವಿಗೆ ಏನಾದ್ರೂ ಆದ್ರೆ ಕಾನೂನೇ ಇಲ್ಲ ಅಂತಲ್ಲ. ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ತನ್ನ ಸುಪರ್ದಿಯಲ್ಲಿರೋ ಮಗುವನ್ನ ಹೊಡೆಯೋದು, ಬಿಟ್ಟು ಹೋಗೋದು, ಬೇಕಂತ ನಿರ್ಲಕ್ಷ್ಯ ಮಾಡೋದಕ್ಕೆ 3 ವರ್ಷದವರೆಗೆ ಜೈಲು, ಮಕ್ಕಳ ಪಾಲನೆಯ ಸಂಸ್ಥೆ ನಡೆಸೋರು ಇಲ್ಲಾ ಅಲ್ಲಿ ಕೆಲಸ ಮಾಡೋರು ಮಾಡಿದ್ರೆ 5 ವರ್ಷದವರೆಗೆ, 5 ಲಕ್ಷದವರೆಗೆ ದಂಡ. ಲೈಂಗಿಕ ದೌರ್ಜನ್ಯ ಆದ್ರೆ 2012ರ ಪೋಕ್ಸೊ, ಅದರಾಗೆ ಗೊತ್ತಿದ್ದೂ ತಿಳಿಸದೇ ಇರೋದೂ ಅಪರಾಧ. "ಓಣಿ ಮರ್ಯಾದೆ" ಅಂತ ಮುಚ್ಚಿ ಹಾಕೋ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಜಿಲ್ಲೆಯಾಗೆ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ ಐತೆ. ದುಡ್ಡು ಕೊಟ್ಟು ತಗೊಂಡ ಸೇವೆ ಸರಿ ಇಲ್ಲ ಅಂದ್ರೆ ಗ್ರಾಹಕ ಆಯೋಗಕ್ಕೂ ಹೋಗ್ಬಹುದು, 5 ಲಕ್ಷದೊಳಗಿನ ದೂರಿಗೆ ಫೀ ಇಲ್ಲ.

ಆಮೇಲೆ ದೂರು ಕೊಡೋಕಿಂತ ಮೊದಲೇ ಕೇಳೋದು ಸುಲಭ. ನಾನು ಈಗ ಕೇಳೋ ಪ್ರಶ್ನೆ ಇವು: ಆ ಮನ್ಯಾಗೆ ಹಗಲು ಹೊತ್ತು ಬೇರೆ ಯಾರ್ಯಾರು ಇರ್ತಾರೆ, ಗಂಡಸರು, ಬಾಡಿಗೆಯವರು, ಬಂದು ಹೋಗೋರು? ಆಯಾಗೆ ಪೊಲೀಸ್ ವೆರಿಫಿಕೇಶನ್ ಆಗೈತಾ? ಅದು ಸೇವಾ ಸಿಂಧುನಲ್ಲೇ ಅರ್ಜಿ ಹಾಕ್ಬಹುದು. ನಮ್ಮನ್ನ ಬಿಟ್ಟು ಯಾರು ಬಂದ್ರೆ ಮಗು ಕಳಿಸ್ತಾರೆ, ಅವರ ಫೋಟೋ ಇಟ್ಕೊಂಡಿದಾರಾ? ಜ್ವರ ಬಂದ್ರೆ ನಮ್ಮನ್ನ ಕೇಳದೇ ಸಿರಪ್ ಕುಡಿಸ್ತಾರಾ? ಮಗು ಅಲರ್ಜಿ, ಮಗು ಡಾಕ್ಟರ್ ನಂಬರ್ ಬರೆದಿಟ್ಟಿದಾರಾ? ಹೇಳದೇ ಕೇಳದೇ ಮಧ್ಯಾಹ್ನ ಎರಡಕ್ಕೆ ಹೋದ್ರೆ ಒಳಗೆ ಬಿಡ್ತಾರಾ? ಈ ಕೊನೇದಕ್ಕೆ "ಮಕ್ಕಳು ಮಲಗಿರ್ತಾವೆ, ಬರಬ್ಯಾಡ್ರಿ" ಅಂದ್ರೆ ನಾನಂತೂ ಅಲ್ಲಿ ಬಿಡಲ್ಲ. ಸಿಸಿಟಿವಿ ಇದ್ರೆ ಒಳ್ಳೇದೇ, ಆದ್ರೆ ಕ್ಯಾಮೆರಾ ಕೂಸನ್ನ ಎತ್ಕೊಳ್ಳಲ್ಲ, ಹತ್ತು ಕೂಸಿಗೆ ಎಷ್ಟು ಕೈ ಇದಾವೆ ಅಂತ ಎಣಿಸ್ರಿ.

ಒಂದು ಪುಟ ಒಪ್ಪಂದ ಬರ್ಕೊಳ್ಳೋದು ಇಬ್ಬರಿಗೂ ಒಳ್ಳೇದು, ಸಮಯ, ದುಡ್ಡು, ಮಕ್ಕಳ ಗರಿಷ್ಠ ಸಂಖ್ಯೆ, ಊಟ ಯಾರದ್ದು, ಗಾಡಿ ಎಲ್ಲಿ ನಿಲ್ಲಿಸ್ಬೇಕು. ಪರಿಚಯದವರ ಹತ್ರ ಕಾಗದ ಕೇಳೋಕೆ ನಾಚಿಕೆ ಆಗ್ತದೆ, ನಮಗೂ ಆಯ್ತು. ಆದ್ರೂ ಕೇಳಿದ್ವಿ.

ನಮ್ಮ ಓಣ್ಯಾಗೆ ಈಗ

ಜಗಳ ಆದ ಭಾನುವಾರ ಅಕ್ಕನ ಮನೆ ಕಟ್ಟೆ ಮೇಲೆ ಒಂಬತ್ತು ಮಂದಿ ತಂದೆ ತಾಯಿ, ಅಕ್ಕ, ಮೇಷ್ಟ್ರು ಕೂತ್ವಿ. ಗಾಡಿಗಳು ಮೂಲೆ ಬೇವಿನ ಮರದ ಹತ್ರ ನಿಲ್ಸಿ ಮಗೂನ ನಡೆಸ್ಕೊಂಡು ಬರೋದು ಅಂತ ಆಯ್ತು, ಗೇಟಿನ ಮುಂದೆ ಯಾರೂ ನಿಲ್ಲಂಗಿಲ್ಲ. ಹೊಸ ಮಕ್ಕಳನ್ನ ಸೇರಿಸಲ್ಲ, ಜೂನಲ್ಲಿ ನಾಲ್ಕು ಮಕ್ಕಳು ಸ್ಕೂಲಿಗೆ ಹೋದ ಮೇಲೆ ಹತ್ತಕ್ಕೆ ನಿಲ್ಲಿಸ್ತೀನಿ, ಅಲ್ಲಿವರೆಗೆ ನನ್ನ ನಾದಿನಿನ ಜೊತೆಗೆ ಇಟ್ಕೋತೀನಿ ಅಂತ ಅಕ್ಕ ಒಪ್ಕೊಂಡ್ರು, ದುಡ್ಡು ಕಮ್ಮಿ ಆಗ್ತದೆ ಅಂತ ನಾವು ತಿಂಗಳಿಗೆ ಮುನ್ನೂರು ರೂಪಾಯಿ ಜಾಸ್ತಿ ಕೊಡೋದು ಅಂತ ಮಾತಾಯ್ತು. ಸಂಪಿಗೆ ಕಬ್ಬಿಣದ ಮುಚ್ಚಳ, ಬೀಗ ಬಂತು. ಟ್ರೇಡ್ ಲೈಸೆನ್ಸ್ ಅರ್ಜಿ ಮೇಷ್ಟ್ರೇ ಕೂತು ಬರೆದ್ಕೊಟ್ರು, ಅವರ ಅಕ್ಷರ ಮುತ್ತಿನಂಗೆ. ಬರೋ ಸೋಮವಾರ ಹೆಲ್ತ್ ಇನ್‌ಸ್ಪೆಕ್ಟರ್ ಮನೆ ನೋಡೋಕೆ ಬರ್ತಾರಂತೆ, ಅಷ್ಟರಾಗೆ ಹಿಂದಿನ ಬಾಗಿಲ ಮುಂದಿನ ಮಂಚ ತೆಗಿಸ್ಬೇಕು.